ಗಿರಣಿಗೆ ಉಡಿ ತುಂಬಿದ ದಿನ

ಈಗಲೂ ಮೋಟಾರು ಗುಂಯ್ ಅಂದರೆ ಸಾಕು, ನನ್ನ ಕಣ್ಣು ಮೊದಲು ಹೋಗುವುದು ಅತ್ತಿಗೆಯ ಬಲಗೈಗೆ. ಐದೂ ಬೆರಳು ಎಣಿಸುತ್ತೇನೆ. ಮರುಗಳಿಗೆಯೇ ನಗು ಬರುತ್ತದೆ, ತಡೆಯಲಾರದ ನಗು.

ಕೊಟ್ಟೂರಿನಲ್ಲಿ ನಮ್ಮ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಖಾರದ ಗಿರಣಿ ಹಾಕಬೇಕೆಂಬುದು ಅತ್ತಿಗೆಯ ಹಟ. ಮೆಣಸಿನಕಾಯಿ ಹುರಿಯುವುದರಲ್ಲಿ ಅವಳ ಕೈಗೆ ಹೆಸರಿತ್ತು. ಕೈಯಲ್ಲಿ ದುಡ್ಡು ಮಾತ್ರ ಇರಲಿಲ್ಲ. ಪಾಲಿಗೆ ಸೇರುತ್ತೇನೆಂದು ಬಂದ ದೂರದ ನೆಂಟನಿಗೆ ಅವಳು ಚಹಾ ಕುಡಿಸಿ ಕಳಿಸಿದಳು.

"ಪಾಲು ಕೊಟ್ರ ನಾಳಿ ಬಂದು ನನಗ ಮೆಣಸಿನಕಾಯಿ ಹುರಿಯೋದು ಕಲಸ್ತಾನ."

ಕುರಿ ಮಾರಿ ಗಿರಣಿಯನ್ನು ತುಂಡುತುಂಡಾಗಿ ಕೂಡಿಸಿದೆವು. ಹರಪನಹಳ್ಳಿಯಲ್ಲಿ ಬಾಗಿಲು ಮುಚ್ಚಿದ್ದ ಗಿರಣಿಯೊಂದರಿಂದ ಮಷೀನು, ಹಗರಿಬೊಮ್ಮನಹಳ್ಳಿಯ ಗುಜರಿಯಿಂದ ಮೋಟಾರು, ಕೂಡ್ಲಿಗಿಯಲ್ಲಿ ವೆಲ್ಡಿಂಗ್ ಮಾಡಿಸಿದ ಸ್ಟ್ಯಾಂಡು. ಎಲ್ಲ ಸೇರಿ ನಿಂತಾಗ, ಮಾತು ಬಿಟ್ಟ ಬೀಗರು ಒಂದೇ ಫೋಟೋಕ್ಕೆ ನಿಂತಂತಿತ್ತು. ಬೆಲ್ಟು ಹಳೆಯದು, ಜೋಲುತ್ತಿತ್ತು. ಅದರ ಮೇಲೆ ಮುಚ್ಚುವ ಜಾಲರಿ ಕೊಳ್ಳಲಾಗಲೇ ಇಲ್ಲ. "ಗಳಿಕಿ ಬರ್ಲಿ, ಹಾಕ್ಸೋಣ" ಅಂದ ಅಣ್ಣ.

ಅವ್ವನಿಗೆ ಇದ್ಯಾವುದೂ ಸೇರಿರಲಿಲ್ಲ. "ಪೂಜಿ ದಿನ ಒಂದು ಅಪಶಕುನ ಆಗ್ಲಿ, ಗುಜರಿಯಿಂದ ಬಂದದ್ದು ಗುಜರಿಗೇ ಹೋಗ್ತೈತಿ" ಅಂದಿದ್ದಳು. ಜಾಗ ಅವಳ ಹೆಸರಿನಲ್ಲಿತ್ತು. ಅತ್ತಿಗೆಯ ಗಿರಣಿ ಉಳಿಯುವುದೂ ಹೋಗುವುದೂ ಅವಳ ಬಾಯಲ್ಲೇ ಇತ್ತು.

ಪೂಜೆಯ ದಿನ ವಿಭೂತಿ, ಕುಂಕುಮ, ಕಾಯಿ ಎಲ್ಲ ಆದಮೇಲೆ ಅತ್ತಿಗೆ ಮಡಿಲು ತುಂಬಲು ಹಸಿರು ಕುಪ್ಪಸದ ಕಣ ತಂದಳು. "ಮನಿಗೆ ಬಂದ ಮಗಳಿದ್ದಂಗ ಇದು. ಬರಿ ಉಡಿಲಿ ಇಡಬಾರ್ದು."

"ಗಿರಣಿಗೆ ಉಡಿ ಎಲ್ಲಿರ್ತೈತಿ ಲೇ?" ಅಂದ ಅಣ್ಣ.

ಓಣಿಯ ಹೆಂಗಸರು ಸೇರಿ ಗಂಭೀರವಾಗಿ ಹುಡುಕಿದರು. ಬೆಲ್ಟು ತಿರುಗಿಸುವ ದೊಡ್ಡ ಗಾಲಿ ದುಂಡಗಿತ್ತಲ್ಲ, ಅದೇ ಹೊಟ್ಟೆ ಎಂದು ತೀರ್ಮಾನವಾಯಿತು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು ತುಂಬಿ, ಕಣವನ್ನು ಆ ಗಾಲಿಗೇ ಕಟ್ಟಿದರು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು ಫೋಟೋ ಹೊಡೆಯುತ್ತಿದ್ದೆ.

ಸ್ವಿಚ್ಚು ಒತ್ತುವ ಮರ್ಯಾದೆ ಅವ್ವನದು. ಅತ್ತಿಗೆ ಇನ್ನೂ ಗಂಟಿನ ತುದಿ ಸರಿಮಾಡುತ್ತಿದ್ದಳು. ಅವ್ವ ಕಣ್ಣು ಮುಚ್ಚಿ, ದೇವರನ್ನು ನೆನೆದು, ಒತ್ತಿಯೇಬಿಟ್ಟಳು.

ಅಕ್ಕಿ ನಮ್ಮೆಲ್ಲರ ತಲೆಯ ಮೇಲೆ ಅಕ್ಷತೆಯಂತೆ ಉದುರಿತು. ಶುಭವಾಯಿತೆಂದು ಒಬ್ಬಾಕೆ ಚಪ್ಪಾಳೆಯನ್ನೂ ತಟ್ಟಿದಳು. ಅಷ್ಟರಲ್ಲಿ ಕಣ ಅತ್ತಿಗೆಯ ಮುಂಗೈಗೆ ಸುತ್ತಿಕೊಂಡಿತ್ತು. ಕೈ ಬೆಲ್ಟಿನ ಕಡೆಗೆ ಹೋಗುತ್ತಿತ್ತು. ಅವಳು ಕೂಗಲಿಲ್ಲ, ಕಾಲೂರಿ ಹಿಂದಕ್ಕೆ ಜಗ್ಗುತ್ತಿದ್ದಳು.

"ಯವ್ವಾ, ಬಂದ್ ಮಾಡ!" ಅಣ್ಣ ಆ ತುದಿಯಿಂದ ಚೀರಿದ.

ಅವ್ವ ಸ್ವಿಚ್ಚು ಮುಟ್ಟಲಿಲ್ಲ. ಗಿರಣಿಗೆ ಎರಡೂ ಕೈ ಮುಗಿದು ನಿಂತಳು. "ಬಿಡವ್ವಾ ತಾಯಿ! ನನ್ನ ಸೊಸಿ ಕೈ ಬಿಡು!"

ಪಟ್ ಎಂದಿತು. ಜೋಲುತ್ತಿದ್ದ ಬೆಲ್ಟು ಗಾಲಿಯಿಂದ ಜಾರಿ ಬಿದ್ದಿತ್ತು. ಗಾಲಿ ನಿಂತಿತು. ಅಣ್ಣ ಓಡಿಬಂದು ಸ್ವಿಚ್ಚು ಆರಿಸಿ, ಕಣ ಬಿಡಿಸಿದ. ಮುಂಗೈಯಲ್ಲಿ ಕೆಂಪು ಬರೆ, ಅಲ್ಲಲ್ಲಿ ಗೀರು. ಬಳೆಗಳೆಲ್ಲ ಚೂರಾಗಿ ನೆಲದಲ್ಲಿದ್ದವು. ಅತ್ತಿಗೆ ಬೆರಳು ಮಡಚಿ ಬಿಚ್ಚಿ ನೋಡಿಕೊಂಡಳು. ಬಿಗಿಯಾದ ಹೊಸ ಬೆಲ್ಟು ಕೊಳ್ಳುವಷ್ಟು ನಮ್ಮಲ್ಲಿ ಇದ್ದಿದ್ದರೆ? ಅಲ್ಲಿಂದ ಮುಂದೆ ಯೋಚಿಸಲು ನನಗೆ ಇವತ್ತಿಗೂ ಆಗುವುದಿಲ್ಲ.

ಪೂಜೆಯಲ್ಲೇ ಮುತ್ತೈದೆಯ ಬಳೆ ಹೋಗಿದ್ದವು. ಇದಕ್ಕಿಂತ ಅಪಶಕುನ ಇನ್ನೇನು ಬೇಕು? ಎಲ್ಲರೂ ಅವ್ವನ ಮುಖ ನೋಡಿದೆವು. ಅತ್ತಿಗೆ ತಲೆ ತಗ್ಗಿಸಿದಳು. ಅವ್ವ ಸೊಸೆಯ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು, ಆಮೇಲೆ ಗಿರಣಿಯನ್ನು ನೋಡಿದಳು.

"ನಾ ಕೇಳಿಕೊಂಡೆ, ಬಿಟ್ಟೈತಿ. ಮಾತು ಕೇಳೋ ಗಿರಣಿ ಇದು. ಎಲ್ಲಿಗೂ ಹೋಗಂಗಿಲ್ಲ."

"ಅತ್ತಿ, ನಿಮ್ಮ ಮಗ ಒಂದಿನನೂ ಇಷ್ಟು ಜಲ್ದಿ ಮಾತು ಕೇಳಿಲ್ರಿ!" ಅಂದಳು ಅತ್ತಿಗೆ.

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ನಾನು ನಗುತ್ತ ನಗುತ್ತ ಅಕ್ಕಿಯ ಮೇಲೆಯೇ ಕೂತುಬಿಟ್ಟೆ.

ಮರುದಿನ ಅಣ್ಣ ಯಾರದೋ ಹಳೇ ಕಿಟಕಿಯ ಸರಳು ತಂದು ಜಾಲರಿಯ ಬದಲು ಬೆಲ್ಟಿಗೆ ಅಡ್ಡ ಕೂರಿಸಿದ. ಅವ್ವ ಮತ್ತೆ ಸ್ವಿಚ್ಚಿನ ಮುಂದೆ ನಿಂತಳು. ಈ ಸಲ ಕಣ್ಣು ಮುಚ್ಚಲಿಲ್ಲ, ತಿರುಗಿ ನಮ್ಮನ್ನು ನೋಡಿದಳು.

"ಒತ್ತಲಾ?"

ಅತ್ತಿಗೆ, ಅಣ್ಣ, ನಾನು, ಹುರಿದ ಮೆಣಸಿನಕಾಯಿಯ ಪುಟ್ಟಿ ಹಿಡಿದು ಬಂದಿದ್ದ ಓಣಿಯ ಹೆಂಗಸರು, ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ, ಪುಟ್ಟಿ ಕೆಳಗಿಟ್ಟು, ಎರಡೂ ಕೈ ಮೇಲೆತ್ತಿದೆವು.

"ಒತ್ರಿ ಅತ್ತಿ!"