ಒಂದು ಕೆಂಪು ದೀಪ, ಆರು ಹಮಾಲರು

ತಾಯಪ್ಪ ಮಿಸ್ತ್ರಿ ಕೆಲಸ ಮಾಡಿದ್ದನ್ನು ನೋಡಿದವರಿಗಿಂತ, ಕೆಲಸಕ್ಕೆ ಮೊದಲು ಕೂತಿದ್ದನ್ನು ನೋಡಿದವರೇ ಮಾನ್ವಿಯಲ್ಲಿ ಹೆಚ್ಚು. ಅಕ್ಕಿ ಗಿರಣಿ ಕೆಟ್ಟು ನಿಂತಿದೆ, ಹಮಾಲರು ಚೀಲದ ಮೇಲೆ ಕೂತು ಬೀಡಿ ಹಚ್ಚಿದ್ದಾರೆ, ಸಾಹುಕಾರರು ಗಡಿಯಾರ ನೋಡುತ್ತಿದ್ದಾರೆ. ಈ ಮಹಾಶಯರು ಮಾತ್ರ ಮೇನ್ ಸ್ವಿಚ್ಚು ಇಳಿಸಿ, ಪ್ಯಾನೆಲ್ಲಿನ ಎದುರು ಸ್ಟೂಲು ಹಾಕಿಕೊಂಡು, ಅಕ್ಕಿಕಾಳಿನಷ್ಟು ದೊಡ್ಡದೊಂದು ಕೆಂಪು ದೀಪವನ್ನು ದಿಟ್ಟಿಸುತ್ತ ಚಹಾ ಹೀರುತ್ತಿದ್ದರು. ಅವಸರ ಮಾಡಿದವರಿಗೆ ಒಂದೇ ಉತ್ತರ: "ಇನ್ನೂ ಜೀವ ಅದ್ರಿ. ಇನ್ನೊಂದು ಚಾ ಹೇಳ್ರಿ."

ಮೋಟಾರಿನ ವೇಗ ಏರಿಸಿ ಇಳಿಸುವ ಡ್ರೈವ್ ಎಂಬ ಡಬ್ಬಿಗಳನ್ನು ಗಿರಣಿಗಳಿಗೆ ಹಾಕಿಕೊಡುವ ಅಂಗಡಿ ನನ್ನದು, ರಾಯಚೂರಿನಲ್ಲಿ. ಆ ಡಬ್ಬಿಯೊಳಗೆ ಐನೂರರವತ್ತು ವೋಲ್ಟಿನ ಡಿಸಿ ಕರೆಂಟು. ಸ್ವಿಚ್ಚು ಇಳಿಸಿದರೂ ಅದು ಕೆಲವು ನಿಮಿಷ ಒಳಗೇ ಕೂತಿರುತ್ತದೆ. ಕೈ ಹಾಕಿದವನನ್ನು ಸುಮ್ಮನೆ ಬಿಡುವುದಿಲ್ಲ. ಅದು ಇದೆಯೋ ಹೋಯಿತೋ ತಿಳಿಯಲೆಂದು, ನನ್ನ ಡಬ್ಬಿಗಳನ್ನು ರಿಪೇರಿ ಮಾಡುತ್ತಿದ್ದ ತಾಯಪ್ಪ ತಾವೇ ಹೊರಗೊಂದು ಎಲ್‌ಇಡಿ ಕೂರಿಸುತ್ತಿದ್ದರು. ಆ ದೀಪಕ್ಕೆ ಅವರು ತೋರಿಸುತ್ತಿದ್ದ ಮರ್ಯಾದೆಯನ್ನು ಯಾವ ಸಾಹುಕಾರನಿಗೂ ತೋರಿಸಿದ್ದನ್ನು ನಾನು ಕಂಡಿಲ್ಲ.

ಕನ್ನಡಕದ ಒಂದು ಕಾಲಿಗೆ ತಾಮ್ರದ ತಂತಿ, ಅಂಗಿಯ ಜೇಬಿನಲ್ಲಿ ಎಲೆ ಅಡಿಕೆಯ ಜೊತೆಗೇ ಕರೆಂಟಿಗೆ ತಡೆಯೊಡ್ಡುವ ರೆಸಿಸ್ಟರುಗಳು. ಜಂಬಕ್ಕೇನೂ ಕೊರತೆಯಿರಲಿಲ್ಲ. ನನ್ನ ಡಿಪ್ಲೊಮಾವನ್ನು ಅವರು ಯಾವುದೋ ಹಳೇ ಕಾಯಿಲೆಯಂತೆ ವಿಚಾರಿಸುತ್ತಿದ್ದರು: "ಹೆಂಗದ್ರಿ ಈಗ, ಕಡಿಮಿ ಆತೇನು?"

ಒಂದು ದೀಪಕ್ಕೆ ಅವರು ಸಾಲಾಗಿ ಆರು ರೆಸಿಸ್ಟರು ಬೆಸೆಯುವುದನ್ನು ಕಂಡು ನಾನು ಬಿದ್ದು ಬಿದ್ದು ನಕ್ಕಿದ್ದೆ. ಲೆಕ್ಕ ಹಾಕಿ, ಆರರ ಕೆಲಸಕ್ಕೆ ಒಂದೇ ಸಣ್ಣದನ್ನು ಹಾಕಿ ಮಲ್ಲಟದ ಗಿರಣಿಯಲ್ಲಿ ದೀಪ ಹತ್ತಿಸಿ ತೋರಿಸಿದೆ. ಒಂಬತ್ತನೇ ದಿನ ಆ ರೆಸಿಸ್ಟರು ಸುಟ್ಟು ದೀಪ ಕಣ್ಣು ಮುಚ್ಚಿತು. ಡಬ್ಬಿಯೊಳಗಿನ ಕರೆಂಟು ಗಟ್ಟಿಮುಟ್ಟಾಗಿಯೇ ಇತ್ತು. ತಾಯಪ್ಪನವರಿಗೆ ಅಂದು ಹಬ್ಬ.

"ಇಂಜಿನೇರ್ ಸಾಹೇಬ್ರ, ದೀಪಕ್ಕ ಬೇಕಾಗಿದ್ದು ಎರಡು ವೋಲ್ಟು. ಉಳಿದ ಐನೂರೈವತ್ತೆಂಟು ಒಬ್ಬನ ತಲಿ ಮ್ಯಾಲ ಹೇರಿದ್ರಿ! ಆರು ಮಂದಿ ಹಮಾಲ್ರು ಹಂಚ್ಕೊಂಡು ಹೊತ್ರ ಯಾರ ನಡಾನೂ ಮುರಿಯಂಗಿಲ್ಲ. ನಿಮ್ ಬುಕ್ಕಿನ್ಯಾಗ ಹಮಾಲ್ರ ಸುದ್ದಿ ಬರೆದಿಲ್ಲೇನು?"

ಅವರ ಅಪ್ಪ ದೇವದುರ್ಗದಲ್ಲಿ ಚೀಲ ಹೊತ್ತು ಬದುಕಿದವರು. ಉದಾಹರಣೆಗಾಗಿ ತಾಯಪ್ಪ ದೂರ ಹೋಗಬೇಕಿರಲಿಲ್ಲ. ಕೊನೆಗೆ ಇದನ್ನೂ ಸೇರಿಸಿದರು: "ಆರಿದ ದೀಪ ನೋಡಿ ಕೈ ಹಾಕಬ್ಯಾಡ್ರಿ. ಕರೆಂಟು ಸತ್ತದೋ ದೀಪನ ಸತ್ತದೋ, ಮೀಟರ್ ಹಚ್ಚಿ ಕೇಳ್ರಿ."

ನಾನು ಕೇಳಲಿಲ್ಲ. ಆ ವರ್ಷದ ಆಯುಧ ಪೂಜೆಯಲ್ಲಿ ಮಾನ್ವಿಯ ನಮ್ಮ ದೊಡ್ಡ ಗಿರಾಕಿ ಸಾಹುಕಾರರು ಲಾರಿ, ತಕ್ಕಡಿ, ಪ್ಯಾನೆಲ್ಲು, ಎಲ್ಲಕ್ಕೂ ಮೂರು ಬೆರಳು ವಿಭೂತಿ ಬಳಿದರು. ಭಕ್ತಿ ಉಕ್ಕಿ ಕೆಂಪು ದೀಪವೂ ಅದರಡಿ ಮುಚ್ಚಿಹೋಯಿತು. ಮರುದಿನ ಗಿರಣಿ ನಿಂತಿತು, ನಾನೂ ತಾಯಪ್ಪನವರೂ ಹೋದೆವು. ನಾನು ಸ್ವಿಚ್ಚು ಇಳಿಸಿದೆ, ಮುಚ್ಚಳ ಬಿಚ್ಚಿದೆ, ದೀಪದ ಕಡೆ ನೋಡಿದೆ. ಬೆಳಕಿಲ್ಲ. ಕೈ ಒಳಗೆ ಹೋಗುತ್ತಿತ್ತು.

ಹಿಂದಿನಿಂದ ಕಾಲರು ಹಿಡಿದು ಎಳೆದ ರಭಸಕ್ಕೆ ನಾನು ತೌಡಿನ ರಾಶಿಯ ಮೇಲೆ ಬಿದ್ದೆ. ತಾಯಪ್ಪ ಹೆಬ್ಬೆರಳಿನಿಂದ ವಿಭೂತಿ ಒರೆಸಿದರು. ಅಡಿಯಲ್ಲಿ ದೀಪ ಕೆಂಪಗೆ ಉರಿಯುತ್ತಿತ್ತು.

ಅದೇ ಹೊತ್ತಿಗೆ ಒಳಬಂದ ಸಾಹುಕಾರರಿಗೆ ದೀಪ ಕಾಣಲಿಲ್ಲ, ಹೆಬ್ಬೆರಳು ಕಂಡಿತು. ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡ ಹಮಾಲನ ಮಗನ ಹೆಬ್ಬೆರಳು.

"ಲೇ, ಯಾರ ವಿಭೂತಿ ಒರಸಾಕತ್ತೀ? ಯಾವ ಕೈಲೆ ಒರಸಾಕತ್ತೀ?"

"ದೇವ್ರಿಗೆ ಹಚ್ರಿ ಸಾವ್ಕಾರ್ರ, ನಾ ಬ್ಯಾಡ ಅನ್ನಂಗಿಲ್ಲ. ದೀಪಕ್ಕ ಹಚ್ಚಿದ್ರ ಮನಷಾ ಸಾಯ್ತಾನ. ಈಗ ಇವ್ರು ಹೋಗ್ತಿದ್ರು."

"ನಾಳಿಂದ ಗಿರಣಿ ಕಡಿ ಬರಬ್ಯಾಡ."

ತಾಯಪ್ಪ ನನ್ನ ಮುಖ ನೋಡಿದರು. ಒಂದು ಮಾತು ಸಾಕಿತ್ತು. ನನ್ನ ಹಣೆಯ ಮೇಲೂ ಸಾಹುಕಾರರ ಜಾತಿಯದೇ ವಿಭೂತಿ. ನಾನು ಹೇಳಿದ್ದರೆ ಅವರು ಕೇಳುತ್ತಿದ್ದರು. ನಾನು ಬಟ್ಟೆಗೆ ಅಂಟಿದ ತೌಡು ಕೊಡವಿಕೊಳ್ಳುವುದರಲ್ಲಿ ಬಹಳ ಮಗ್ನನಾಗಿದ್ದೆ. ಆಗ ಉಳಿದ ಜೀವ ಇದು, ಅದಕ್ಕೇ ನಾಚಿಕೆಯೂ ಇನ್ನೂ ಉಳಿದಿದೆ. ತಾಯಪ್ಪ ಸಾಮಾನಿನ ಚೀಲ ಎತ್ತಿಕೊಂಡು ಹೋದರು. ಸ್ಟೂಲಿನ ಮೇಲೆ ಅರ್ಧ ಗ್ಲಾಸು ಚಹಾ ಹಾಗೇ ಇತ್ತು. ಅವರು ಚಹಾ ಬಿಟ್ಟುಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎರಡು ವರ್ಷದ ಮೇಲೆ ದೇವದುರ್ಗದ ಬಸ್ ನಿಲ್ದಾಣದ ಹೋಟೆಲಿನಲ್ಲಿ ಸಿಕ್ಕರು. ಸೊರಗಿದ್ದರು, ತಾಮ್ರದ ತಂತಿ ಈಗ ಕನ್ನಡಕದ ಎರಡೂ ಕಾಲಿಗೆ ಬಂದಿತ್ತು. ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ. ಅವರು ಕೇಳಿದ್ದೇ ಬೇರೆ.

"ನನ್ ದೀಪ ಹತ್ತತದೇನ್ರಿ?"

"ಹತ್ತತದ."

"ಹಬ್ಬಕ್ಕ ಈಗೂ ಬಳಿತಾರೇನು?"

"ಬಳಿತಾರ."

"ಮತ್ತ ಒರಸೋರು ಯಾರು?"

"ನಾನ ಒರಸ್ತೀನಿ, ತಾಯಪ್ಪಣ್ಣ. ಅವ್ರ ಎದುರಿಗೇ."

"ಸಾವ್ಕಾರ್ರು ಏನಂತಾರ?"

ನಾನು ತಲೆ ತಗ್ಗಿಸಿದೆ. "ಏನೂ ಅನ್ನಂಗಿಲ್ಲ."

ತಾಯಪ್ಪ ಹೋಟೆಲಿನವರೆಲ್ಲ ತಿರುಗಿ ನೋಡುವಂತೆ ನಕ್ಕರು. ಕೆಮ್ಮು ಬರುವವರೆಗೂ ನಕ್ಕರು. ಆಮೇಲೆ ಗ್ಲಾಸಿನ ಚಹಾವನ್ನು ಒಂದು ಹನಿಯೂ ಬಿಡದೆ ಕುಡಿದು, ನನ್ನ ಬೆನ್ನು ತಟ್ಟಿ, ಬಸ್ಸು ಹತ್ತಿದರು. ಮುಂದಿನ ಹಬ್ಬಕ್ಕೆ ನಾನು ದೀಪ ಒರೆಸುವ ಹೊತ್ತಿಗೆ ಅವರು ಬದುಕಿರಲಿಲ್ಲ.