ಪಕ್ಕದ ಸೀಟಿನ ಮಾಸ್ತರ

ಡ್ರೈವಿಂಗ್ ಸ್ಕೂಲಿನಲ್ಲಿ ಎಲ್ಲರೂ ಅವನನ್ನು ಬ್ರೇಕ್ ಮಾಸ್ತರ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಕಲಿಯುವವರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಆ ಸೀಟಿನಲ್ಲಿ ಕೂತೇ ಅವನ ತಲೆ ನರೆತಿತ್ತು. ಕಲಿಯಲು ಬಂದವನು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹೋಗುವಷ್ಟರಲ್ಲಿ ಕಾಲಿಟ್ಟು ಗಕ್ಕನೆ ನಿಲ್ಲಿಸುವುದು, "ಯಾರ್ರೀ ನಿಮಗೆ ಕಾರ್ ಕಲೀರಿ ಅಂದಿದ್ದು? ಮನೇಲಿ ಸುಮ್ನೆ ಬಿದ್ದಿರೋಕೆ ಆಗ್ಲಿಲ್ವಾ?" ಎನ್ನುವುದು ಅವನ ಪಾಠದ ರೀತಿ. ಬೈಸಿಕೊಂಡವರು ಹಲ್ಲು ಕಿರಿದು ಸುಮ್ಮನಾಗುತ್ತಿದ್ದರು. ಲೈಸೆನ್ಸಿನ ಪರೀಕ್ಷೆಗೆ ಕರೆದುಕೊಂಡು ಹೋಗುವವನು ಅವನೇ ತಾನೇ.

ಇಡೀ ದಿನ ಕಾರಿನಲ್ಲೇ ಕೂತಿದ್ದರೂ ಸ್ಟೀರಿಂಗ್ ಮಾತ್ರ ಅವನ ಕೈಗೆ ಸಿಗುತ್ತಿರಲಿಲ್ಲ. ಸ್ವಂತಕ್ಕೊಂದು ಕಾರು ಕೊಳ್ಳುವುದು ಅವನ ಸಂಬಳದಲ್ಲಿ ಆಗುಹೋಗುವ ಮಾತಲ್ಲ. ಹಾಗಾಗಿ ಸ್ಕೂಲಿನ ಆಫೀಸಿಗೆ ಹೊಸ ಕಂಪ್ಯೂಟರ್ ಬಂದು ಹಳೆಯದು ಮೂಲೆಗೆ ಬಿದ್ದಾಗ, ಅದನ್ನು ಗುಜರಿಗೆ ಹಾಕಲು ಬಿಡದೆ ಮನೆಗೆ ಹೊತ್ತು ತಂದ. ರಸೀದಿ ಟೈಪು ಮಾಡಿ ಮಾಡಿ ಸವೆದ ಪೆಟ್ಟಿಗೆ. ಸ್ವಿಚ್ ಒತ್ತಿ, ಸ್ನಾನ ಮುಗಿಸಿ ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತಿತ್ತು. ಅದರಲ್ಲಿ ಅವನು ಕಾರ್ ರೇಸಿನ ಆಟ ಆಡಬೇಕೆಂದಿದ್ದ.

ಮೊದಲು ಹಳೆಯ ಹಾರ್ಡ್ ಡಿಸ್ಕ್ ಕಿತ್ತು ಅದಕ್ಕಿಂತ ಚುರುಕಾದ ಎಸ್‌ಎಸ್‌ಡಿ ಹಾಕಿದ. ಆಟ ತೆರೆದುಕೊಂಡಿತು, ಓಡಲಿಲ್ಲ. ರ‍್ಯಾಮ್ ಹೆಚ್ಚಿಸಿದ. ಓಡಿತು, ಆದರೆ ಕುಂಟುತ್ತ. ಕೊನೆಗೆ ಆಟದ ಚಿತ್ರಗಳನ್ನು ಸರಾಗವಾಗಿ ಓಡಿಸುವ, ಯಾರೋ ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡ್ ಒಂದನ್ನು ಚೌಕಾಸಿ ಮಾಡಿ ತಂದ. ಅದಕ್ಕೆ ಕರೆಂಟು ಉಣಿಸುವ ತಾಕತ್ತು ಹಳೆಯ ಪವರ್ ಸಪ್ಲೈಗೆ ಇರಲಿಲ್ಲ, ಅದನ್ನೂ ಬದಲಿಸಬೇಕಾಯಿತು. ಕಾರ್ಡು ಪೆಟ್ಟಿಗೆಗಿಂತ ಉದ್ದ. ಒಳಗಿನ ಒಂದು ತಗಡನ್ನು ಕತ್ತರಿಸಿ ಹೇಗೋ ತುರುಕಿ, ಪಕ್ಕದ ಮುಚ್ಚಳ ಕೂರದಿದ್ದಾಗ ಅದನ್ನು ಮಂಚದ ಕೆಳಗೆ ಸರಿಸಿ, ಕಾವು ಏರದಂತೆ ಟೇಬಲ್ ಫ್ಯಾನನ್ನು ತೆರೆದ ಪೆಟ್ಟಿಗೆಯತ್ತ ತಿರುಗಿಸಿಟ್ಟ. ಆ ಬೇಸಿಗೆಯಲ್ಲಿ ಮನೆಯಲ್ಲಿ ಗಾಳಿ ಸಿಕ್ಕಿದ್ದು ಕಂಪ್ಯೂಟರಿಗೆ ಮಾತ್ರ.

ಈ ಕೆಲಸದುದ್ದಕ್ಕೂ ಟಾರ್ಚ್ ಹಿಡಿದು ನಿಂತವಳು ಅವನ ಹೆಂಡತಿ. ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಬೆಳಕು ಹರಿಯುವ ಮೊದಲೇ ಹೋಗಿ ಮಧ್ಯಾಹ್ನಕ್ಕೆ ಮನೆ ಸೇರುವ ಪಾಳಿ.

"ಬೆಳಕು ನನ್ ಕೈ ಮೇಲಲ್ಲ ಕಣೇ, ಸ್ಕ್ರೂ ಮೇಲೆ ಬಿಡು. ಟಾರ್ಚ್ ಹಿಡಿಯೋಕೂ ಬರಲ್ಲ ನಿಂಗೆ."

ಮದುವೆಯಾದ ಹೊಸದರಲ್ಲಿ ಅವಳು ಕಾರು ಕಲಿಸಿಕೊಡಿ ಎಂದು ಕೇಳಿದ್ದಳು. "ಅನ್ನದ ಪಾತ್ರೆ ಬಗ್ಗಿಸ್ಬೇಕಾದ್ರೇ ಅರ್ಧ ಚೆಲ್ತೀಯ, ನಿಂಗ್ಯಾಕೆ ಕಾರು?" ಎಂದಿದ್ದ. ಮತ್ತೆ ಅವಳು ಕೇಳಿರಲಿಲ್ಲ.

ಅಂತೂ ಕಂಪ್ಯೂಟರು ತಯಾರಾಯಿತು. ಶಿಷ್ಯನೊಬ್ಬ ಬೇಡವೆಂದು ಕೊಟ್ಟ ಆಟದ ಸ್ಟೀರಿಂಗು, ಗೇರು, ಕ್ಲಚ್ಚೂ ಸೇರಿದ ಪೆಡಲುಗಳೂ ಬಂದವು. ದಿನಾ ಸಂಜೆ ಬಟ್ಟೆ ಬದಲಿಸದೆ ಅದರ ಮುಂದೆ ಕೂರತೊಡಗಿದ. ಬೆಟ್ಟದ ರಸ್ತೆಯೊಂದು ಅವನಿಗೆ ಬಹಳ ಮೆಚ್ಚು, ಆದರೆ ಅದರ ಮೂರನೆಯ ತಿರುವಿನಲ್ಲಿ ಅವನ ಕಾರು ದಿನವೂ ಗೋಡೆಗೆ ಬಡಿಯುತ್ತಿತ್ತು. ಇಷ್ಟು ದಿನ "ರ‍್ಯಾಮ್ ಸಾಲದು", "ಪಿಚ್ಚರ್ ತಡೆದು ತಡೆದು ಬರುತ್ತೆ" ಎನ್ನುತ್ತಿದ್ದವನು ಈಗ ಪೆಡಲ್ ಸರಿಯಿಲ್ಲ ಎಂದ.

ಒಂದು ಸಂಜೆ ಆ ರಸ್ತೆಯ ದಾಖಲೆ ತೆರೆದು ನೋಡಿದರೆ ಮೊದಲನೆಯ ಸ್ಥಾನದಲ್ಲಿ ಅವನಿಲ್ಲ. ಅಲ್ಲಿ 'ಗೆಸ್ಟ್' ಎಂದಿತ್ತು, ಹೆಸರು ಕೊಡದೆ ಆಡಿದವರಿಗೆ ಆಟ ತಾನೇ ಇಡುವ ಹೆಸರು. ಕೆಳಗೆ ನೋಡಿದ. ಎರಡನೆಯದೂ ಗೆಸ್ಟ್, ಮೂರನೆಯದೂ ಗೆಸ್ಟ್. ಹೆಂಡತಿಯನ್ನು ಕೂಗಿದ.

"ಮಧ್ಯಾಹ್ನ ಮನೆಗೆ ಯಾರು ಬರ್ತಾರೆ?"

"ಯಾರೂ ಬರಲ್ವಲ್ಲ. ಯಾಕ್ರೀ?"

"ಸುಳ್ಳು ಹೇಳ್ಬೇಡ. ಬಾ ಇಲ್ಲಿ, ನೋಡು. ಯಾವನಿವನು ಗೆಸ್ಟು?"

ಅವಳು ಬಂದು ಪರದೆಯನ್ನೂ ಅವನ ಮುಖವನ್ನೂ ನೋಡಿದಳು. "ಅದು ನಾನೇ ರೀ. ಕೆಲಸದಿಂದ ಬಂದ್ಮೇಲೆ ಬೇಜಾರು ಅಂತ..."

ಬೇರೆ ಗಂಡಸು ಬರುತ್ತಾನೆ ಎಂದಿದ್ದರೆ ಅವನು ನಂಬುತ್ತಿದ್ದನೇನೋ. ಇದನ್ನು ನಂಬಲಿಲ್ಲ. ಕುರ್ಚಿಯಿಂದೆದ್ದು, "ಕೂತ್ಕೋ. ಆಡು, ನೋಡೋಣ" ಎಂದ.

ಅವಳು ಚಪ್ಪಲಿ ಬಿಟ್ಟು ಬರಿಗಾಲನ್ನು ಪೆಡಲಿನ ಮೇಲಿಟ್ಟಳು. ಮೊದಲ ತಿರುವು, ಎರಡನೆಯದು. ಮೂರನೆಯದಕ್ಕೆ ಇನ್ನೂ ದೂರವಿರುವಾಗಲೇ ವೇಗ ಇಳಿಸಿ, ತಿರುವಿನೊಳಗೆ ಹೊಕ್ಕ ಮೇಲೆ ಬ್ರೇಕನ್ನು ಮುಟ್ಟಲೇ ಇಲ್ಲ. ಕಾರು ಗೋಡೆಯನ್ನು ಸವರಿಕೊಂಡು ಮೆತ್ತಗೆ ಹೊರಬಂತು. ಬೆನ್ನ ಹಿಂದೆ ನಿಂತಿದ್ದವನ ಬಲಗಾಲು, ಅವನಿಗೇ ತಿಳಿಯದಂತೆ, ನೆಲವನ್ನು ಒತ್ತಿ ಹಿಡಿದಿತ್ತು. ಆಟ ಮುಗಿದಾಗ ಅವಳು ತನ್ನದೇ ದಾಖಲೆಯನ್ನು ಮುರಿದಿದ್ದಳು. ತಿರುಗಿ ನಕ್ಕಳು. ಹೊಗಳಿಯಾನು ಅಂದುಕೊಂಡಿದ್ದಳು ಪಾಪ.

"ಅದೃಷ್ಟ. ಒಳ್ಳೆ ಕಾರ್ಡ್ ಹಾಕಿಟ್ಟಿದ್ದೀನಲ್ಲ, ಕೋತಿ ಕೂತ್ರೂ ಓಡುತ್ತೆ."

ಮರುದಿನ ಬೆಳಗ್ಗೆ, ಅವಳು ಕೆಲಸಕ್ಕೆ ಹೋದ ಮೇಲೆ, ಸ್ಕ್ರೂ ಬಿಚ್ಚಿ ಗ್ರಾಫಿಕ್ಸ್ ಕಾರ್ಡನ್ನು ಹೊರತೆಗೆದ. ಹಳೆಯ ಬನಿಯನ್ನಿನಲ್ಲಿ ಸುತ್ತಿ ಊಟದ ಬ್ಯಾಗಿನಲ್ಲಿಟ್ಟುಕೊಂಡು ಸ್ಕೂಲಿಗೆ ಹೋದ. ಸಂಜೆ ಬಂದು ಮತ್ತೆ ಜೋಡಿಸಿ ತಾನು ಆಡಿದ. ದಿನವೂ ಇದೇ ಆಯಿತು. ಅವಳು ಏನೂ ಕೇಳಲಿಲ್ಲ. ಕೇಳಲಿ ಎಂದು ಅವನು ಕಾಯುತ್ತಿದ್ದ, ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದ.

ಆದರೆ ದಾಖಲೆಯಲ್ಲಿ ಗೆಸ್ಟಿನ ಸಾಲುಗಳು ನಿಲ್ಲಲಿಲ್ಲ. ಟಾರ್ಚ್ ಹಿಡಿದು ನಿಂತವಳಿಗೆ ಪರದೆಯ ವೈರನ್ನು ಕಾರ್ಡಿನ ಬದಲು ಪೆಟ್ಟಿಗೆಯ ಹಿಂದಿನ ಹಳೆಯ ತೂತಿಗೇ ಸಿಕ್ಕಿಸಬಹುದು ಎನ್ನುವುದು ಗೊತ್ತಿತ್ತು. ಚಿತ್ರವನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ, ಮರಗಿಡ, ನೆರಳುಗಳನ್ನೆಲ್ಲ ತೆಗೆದುಹಾಕಿ, ಕುಂಟುವ ಕಂಪ್ಯೂಟರಿನಲ್ಲೇ ಓಡಿಸುತ್ತಿದ್ದಳು. ಮೊದಲಿನಷ್ಟು ವೇಗವಿರಲಿಲ್ಲ. ಅವನಿಗಿಂತ ಮಾತ್ರ ಮೇಲಿದ್ದಳು. ಇನ್ನು ಯಾವ ಬಿಡಿಭಾಗವನ್ನು ದೂರಬೇಕೋ ಅವನಿಗೆ ತಿಳಿಯಲಿಲ್ಲ.

ರಜೆಯ ದಿನ ಎಂದೂ ಇಲ್ಲದ ಮೆದುದನಿಯಲ್ಲಿ ಹೇಳಿದ. "ರೆಡಿಯಾಗು. ಇವತ್ತು ನಿಂಗೆ ನಿಜವಾದ ಕಾರ್ ಕೊಡ್ತೀನಿ."

"ನಿಜವಾಗ್ಲೂನಾ?"

"ಮತ್ತೇನು, ಸುಳ್ಳಾ?"

ಅವಳು ಇಸ್ತ್ರಿ ಮಾಡಿಟ್ಟ ಬಟ್ಟೆ ಹಾಕಿಕೊಂಡು, ತಲೆಯನ್ನು ಬಿಗಿಯಾಗಿ ಕಟ್ಟಿಕೊಂಡು ಬಂದಳು. ಸ್ಕೂಲಿನ ಮೈದಾನದಲ್ಲಿ ರಜೆಯ ದಿನಗಳಲ್ಲಿ ಕಲಿಯಲು ಬರುವ ತಂಡದವರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಅವನಿಗೆ ಅವರೇ ಬೇಕಾಗಿತ್ತು.

"ಎಲ್ಲ ಸರಿಯಾಗಿ ನೋಡ್ಕೊಳಿ. ನನ್ನ ಹೆಂಡತಿ. ಮನೇಲಿ ಕೂತು ದೊಡ್ಡ ರೇಸ್ ಡ್ರೈವರ್ ಆಗಿದಾಳೆ!"

ಎಲ್ಲರೂ ನಕ್ಕರು. ಅವಳೂ ನಾಚಿಕೊಂಡು ನಕ್ಕು ಸ್ಟೀರಿಂಗಿನ ಮುಂದೆ ಕೂತಳು. ಕ್ಲಚ್ಚನ್ನು ಒತ್ತಿ, ಗೇರು ಹಾಕಿ, ಕಾಲನ್ನು ನಿಧಾನವಾಗಿ, ಮಲಗಿದ ಮಗುವಿನ ಕೆಳಗಿಂದ ಕೈ ತೆಗೆಯುವಂತೆ, ಬಿಟ್ಟಳು. ಕಾರು ಕಿಂಚಿತ್ತೂ ಜಗ್ಗದೆ ಹೊರಟಿತು. ಮೊದಲ ದಿನವೇ ಹಾಗೆ ಹೊರಡಿಸಿದವರನ್ನು ಅವನು ಕಂಡಿರಲಿಲ್ಲ. ಇದು ಅವನ ಸೊಂಟಕ್ಕೆ, ಬೆನ್ನಿಗೆ ಗೊತ್ತಾಯಿತು. ಗೊತ್ತಾದ ಕೂಡಲೇ ತನ್ನ ಕಾಲ ಕೆಳಗಿನ ಬ್ರೇಕನ್ನು ಒತ್ತಿದ.

ಕಾರು ಮುಗ್ಗರಿಸಿ ಆಫ್ ಆಯಿತು. ಬೆಂಚಿನ ಕಡೆಯಿಂದ ನಗು.

ಮತ್ತೆ ಹೊರಡಿಸಿದಳು, ಮತ್ತೆ ಒತ್ತಿದ. ಎರಡೂ ಕಡೆಯ ಪೆಡಲುಗಳಿಗೆ ಒಂದೇ ಸರಳಿನ ಜೋಡಣೆ, ಇಲ್ಲಿ ಒತ್ತಿದರೆ ಅಲ್ಲಿಯದೂ ತಾನಾಗಿ ತಗ್ಗುತ್ತದೆ. ಬೆಂಚಿನಲ್ಲಿದ್ದವರಿಗೆ ಅದು ಕಾಣುವಂತಿರಲಿಲ್ಲ. ಮೂರನೆಯ ಸಲ ಅವಳು ಬಗ್ಗಿ ತನ್ನ ಪೆಡಲು ನೋಡಿ, ಆಮೇಲೆ ಅವನ ಪಾದ ನೋಡಿದಳು.

"ಕಾಲು ತೆಗೀರಿ" ಎಂದಳು, ಅವನಿಗಷ್ಟೇ ಕೇಳುವ ಹಾಗೆ.

ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. "ಕಾಲು ಎಲ್ಲಿಡ್ಬೇಕು ಅಂತಾನೇ ಗೊತ್ತಿಲ್ಲ ಕಣ್ರೀ ಇವಳಿಗೆ! ಕಂಪ್ಯೂಟರಲ್ಲಿ ಫಸ್ಟ್ ಬರ್ತಾಳಂತೆ!"

ಬೆಂಚಿನವರು ಬಿದ್ದು ಬಿದ್ದು ನಕ್ಕರು. ಅವರಲ್ಲಿ ಹೆಚ್ಚಿನವರು ಹಿಂದಿನ ವಾರವಷ್ಟೇ ಅವನಿಂದ ಬೈಸಿಕೊಂಡವರು, ಅದಕ್ಕೇ ಇನ್ನಷ್ಟು ಜೋರಾಗಿ ನಕ್ಕರು. ಅವಳು ಕಾರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಕೀಲಿ ತೆಗೆದು ಅವನ ಕೈಗೆ ಕೊಟ್ಟಳು. ಇಳಿದು ಬಸ್ ಸ್ಟಾಪಿನತ್ತ ನಡೆದಳು. ಬಹಳ ದಿನಗಳ ನಂತರ ಅವನಿಗೆ ಹೊಟ್ಟೆ ತಣ್ಣಗಾಯಿತು.

ಅಂದು ಮನೆಗೆ ಹೋದಾಗ ಅಡುಗೆ ಆಗಿತ್ತು. ಬಡಿಸಿದಳು. ಕಣ್ಣು ಕೆಂಪಗಿರಬಹುದೆಂದು ಅವನು ಹುಡುಕಿ ನೋಡಿದ. ಇರಲಿಲ್ಲ. ಮಾರನೆಯ ದಿನದಿಂದ ಕಾರ್ಡನ್ನು ಕಿತ್ತುಕೊಂಡು ಹೋಗುವುದನ್ನು ಬಿಟ್ಟ. "ಬೇಕಿದ್ರೆ ಆಡ್ಕೋ, ನಂದೇನಿಲ್ಲ" ಎಂದೂ ಹೇಳಿದ. ಅವಳು ಆ ಕುರ್ಚಿಯ ಹತ್ತಿರವೂ ಸುಳಿಯಲಿಲ್ಲ. ಕಸ ಗುಡಿಸುವಾಗ ಮಾತ್ರ ಅದನ್ನು ಎತ್ತಿ ಪಕ್ಕಕ್ಕಿಡುತ್ತಿದ್ದಳು.

ಈಗ ಕಂಪ್ಯೂಟರು ಪೂರ್ತಿ ಅವನದೇ. ಆದರೆ ದಾಖಲೆಯ ತುದಿಯಲ್ಲಿ ಗೆಸ್ಟ್ ಹಾಗೇ ಕೂತಿದ್ದಳು. ವಾರಗಟ್ಟಲೆ ಆಡಿದ. ಅವಳಂತೆಯೇ ಚಪ್ಪಲಿ ಬಿಟ್ಟು ನೋಡಿದ. ಮೂರನೆಯ ತಿರುವು ಅವನನ್ನು ಗೋಡೆಗೆ ಎಸೆಯುತ್ತಲೇ ಇತ್ತು. ಕೊನೆಗೆ ಒಂದು ಸಂಜೆ, ಅವಳು ಬಟ್ಟೆ ಮಡಚುತ್ತಿದ್ದಾಗ, ಪರದೆಯಿಂದ ಕಣ್ಣು ತೆಗೆಯದೆ ಕೇಳಿದ.

"ಆ ತಿರುವಲ್ಲಿ ಯಾವ ಗೇರಿಗೆ ಹಾಕ್ತಿದ್ದೆ ನೀನು?"

ಅವಳು ಅಂಗಿಯ ತೋಳನ್ನು ಮಡಚಿ ತಟ್ಟಿದಳು. "ನಂಗೇನ್ ಗೊತ್ತು ರೀ. ನಂಗೆ ಕಾಲು ಎಲ್ಲಿಡ್ಬೇಕು ಅಂತಾನೇ ಗೊತ್ತಿಲ್ಲ."

"ಹೇಳೇ, ಸುಮ್ನೆ ಕೇಳ್ತಿದೀನಿ."

"ಗೊತ್ತಿಲ್ಲ ಅಂದ್ನಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಅವನು ಆಟವನ್ನು ಕಂಪ್ಯೂಟರಿನಿಂದ ಪೂರ್ತಿ ಅಳಿಸಿ, ಮೊದಲಿಂದ ಹೊಸದಾಗಿ ಹಾಕಿದ. ಹಳೆಯ ದಾಖಲೆಗಳೆಲ್ಲ ಹೋದವು. ಬೆಟ್ಟದ ರಸ್ತೆಗೆ ಕಾರು ಇಳಿಸಿದ, ಮೂರನೆಯ ತಿರುವಿನಲ್ಲಿ ಗೋಡೆಗೆ ಬಡಿದ, ಹಿಂದೆ ಸರಿದು ಸಾವರಿಸಿಕೊಂಡು ಹೇಗೋ ಕೊನೆ ಮುಟ್ಟಿಸಿದ. ಪರದೆಯ ಮೇಲೆ ಚಿನ್ನದ ಬಣ್ಣದಲ್ಲಿ ಅವನ ಹೆಸರು ಮೂಡಿತು. ಮೊದಲನೆಯ ಸ್ಥಾನ. ಅದರ ಕೆಳಗೆಲ್ಲ ಖಾಲಿ.

"ಬಾರೇ ಇಲ್ಲಿ, ನೋಡು" ಎಂದು ಕರೆದ.

ಅವಳು ಒಳಗಿನಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಪರದೆಯನ್ನು ಓದಿದಳು.

"ಫಸ್ಟ್ ಬಂದಿದೀರ" ಎಂದು ಹೇಳಿ, ಒಲೆಯ ಮೇಲೆ ಹಾಲಿಟ್ಟಿದ್ದರಿಂದ ಒಳಗೆ ಹೋದಳು.