ಅಟ್ಟದ ಮೇಲಿನ ಡಬ್ಬಿ

ಊಟ ಬಿಡಬಹುದು. ನಿದ್ದೆಯಲ್ಲಿ ಬೆಚ್ಚಬಹುದು. ಜ್ವರ ಬರಬಹುದು. ಯಾರಿಗೂ ಹೇಳದೆ ಹೊಸದುರ್ಗದ ಬಸ್ಸು ಹತ್ತಿಬಿಡಬಹುದು. ಹತ್ತಿ, ತನ್ನೂರು ಮತ್ತೋಡಿನಲ್ಲಿ ಇಳಿಯುವುದನ್ನೇ ಮರೆಯಬಹುದು. ತಂಗಿ ಗಿರಿಜಾ ತೀರಿಕೊಂಡ ಮೇಲೆ, ಲಾರಿ ಓಡಿಸುವ ಅವಳ ಗಂಡ ಮನೆಯಲ್ಲಿರುವುದು ಅಪರೂಪವೆಂದು, ಅವಳ ಒಂಬತ್ತು ವರ್ಷದ ಮಗಳು ಸುಧಾಳನ್ನು ಹಿರಿಯೂರಿನ ನಮ್ಮ ಮನೆಗೆ ಕರೆತಂದೆವು. ಅವಳೆದುರು ತಾಯಿಯ ಹೆಸರೆತ್ತಿದರೆ ಏನೇನಾದೀತೆಂದು ಆಗ ನಾನು ಹಾಕಿಕೊಂಡಿದ್ದ ಪಟ್ಟಿಯಿದು. ಈ ಬೆಳಿಗ್ಗೆ ಅಡುಗೆಮನೆಯಿಂದ ಹುಚ್ಚೆಳ್ಳು ಹುರಿಯುವ ಘಮ ಬಂತು ನೋಡಿ, ಪಟ್ಟಿ ಪೂರ್ತಿ ನೆನಪಾಯಿತು.

ಪಟ್ಟಿ ಹಾಕುವವನು ಕಾನೂನನ್ನೂ ಮಾಡುತ್ತಾನೆ. ಮನೆಯಲ್ಲಿ ಗಿರಿಜಾಳ ಮಾತು ನಿಂತಿತು. ಫೋಟೊ ಬೀರು ಸೇರಿತು. ಅವಳು ಕೊನೆಯ ಸಲ ಕಳಿಸಿದ್ದ ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿಯನ್ನು ನಾನೇ ಸ್ಟೂಲು ಹತ್ತಿ, ಅಟ್ಟದಲ್ಲಿ ಹಂಡೆಯ ಹಿಂದೆ ಬಚ್ಚಿಟ್ಟೆ. ನೆಂಟರು ಕಣ್ಣಿಗೆ ಸೆರಗು ಒತ್ತುವ ಮೊದಲೇ ತೆಂಗಿನ ನುಸಿಪೀಡೆಯ ವಿಚಾರ ತೆಗೆಯುತ್ತಿದ್ದೆ. ಹುಡುಗಿ ಅಳಲಿಲ್ಲ. ಮುದ್ದೆ ಉಂಡಳು, ಶಾಲೆಗೆ ಹೋದಳು. ಚೆನ್ನಾಗಿ ಹೊಂದಿಕೊಂಡಿದೆ ಮಗು ಎಂದರು ಎಲ್ಲರೂ. ಅಳದೇ ಇದ್ದರೆ ಏನು ಗತಿ ಎಂಬುದು ಮಾತ್ರ ನನ್ನ ಪಟ್ಟಿಯಲ್ಲಿರಲಿಲ್ಲ. ಆ ಚಿಂತೆಯನ್ನೂ ಸೇರಿಸಿದೆ.

ಮೂರು ತಿಂಗಳ ಮೇಲೆ ಮತ್ತೋಡಿನಲ್ಲಿ ಗಿರಿಜಾಳ ಪಕ್ಕದ ಮನೆಯಲ್ಲಿದ್ದ, ಕುರಿ ಮೇಯಿಸುವ ಅಜ್ಜಿ ಬಂದಳು. ನಾನು ನುಸಿ ಎನ್ನುವಷ್ಟರಲ್ಲಿ ಸುಧಾಳ ಗದ್ದ ಹಿಡಿದು, "ನಿಮ್ಮವ್ವ ರೊಟ್ಟಿ ಜೊತೀಗೆ ಪುಡಿ ಕಟ್ಟಿಕೊಡೋಳು ಕಣೇ. ನಾಲಿಗೆ ಮ್ಯಾಲೆ ಇನ್ನೂ ಐತೆ" ಎಂದಳು.

ಹುಡುಗಿ ನನ್ನತ್ತ ತಿರುಗಿದಳು. "ಮಾವ, ಅವ್ವ ಕಳಿಸಿದ್ ಪುಡಿ ಐತಾ?"

ಇಳಿಸಿಕೊಟ್ಟೆ. ಮುಚ್ಚಳ ತೆಗೆದರೆ ಕಮಟು ವಾಸನೆ. ಆದರೂ ಬೆರಳದ್ದಿ ನೆಕ್ಕಿದಳು.

"ಯಾಕ್ ಬಚ್ಚಿಟ್ರಿ?"

"ನೀನು ಅಳ್ತೀಯ ಅಂತ ಕಣವ್ವ."

"ಅವ್ವನ್ನ ನೀವೆಲ್ಲ ಮರ್ತೇಬಿಟ್ರಿ ಅನ್ಕಂಡಿದ್ದೆ."

ಆಮೇಲೆ ಅತ್ತಳು. ನಾನು ಅವಳಿಗಿಂತ ಜೋರಾಗಿ ಅತ್ತೆ. ಹೆಂಡತಿ ನೀರಿನ ಲೋಟವನ್ನು ಮೊದಲು ನನಗೇ ಕೊಡಬೇಕಾಯಿತು.

ಈ ಬೆಳಿಗ್ಗೆ ಹುರಿಯುತ್ತಿದ್ದವಳು ಅದೇ ಸುಧಾ. ಚಿತ್ರದುರ್ಗದ ಕಾಲೇಜು ಸೇರಿದ್ದಾಳೆ, ಹಾಸ್ಟೆಲಿಗೆ ಪುಡಿ ಒಯ್ಯಬೇಕಂತೆ. ಅಲ್ಲಿ ಡಬ್ಬಿ ತೆಗೆದು ಒಬ್ಬಳೇ ಅತ್ತರೆ? ಊಟ ಬಿಟ್ಟರೆ? ಬಾಗಿಲಲ್ಲಿ ನಿಂತು ಹೊಸ ಪಟ್ಟಿ ಶುರುಮಾಡಿದ್ದೆ. ಅರ್ಧಕ್ಕೆ ಬಿಟ್ಟು, "ನಿಮ್ಮವ್ವ ಚಿಕ್ಕೋಳಿದ್ದಾಗ ಇದನ್ನ ಕದ್ದು ತಿಂದು, ಹಲ್ಲೆಲ್ಲ ಕಪ್ಪಗೆ ಮಾಡ್ಕಂಡು, ನಾನಲ್ಲ ಅಂದಿದ್ಲು" ಎಂದೆ.

"ಆಮೇಲೆ?" ಎಂದಳು, ಸೌಟು ಎತ್ತಿ ಹಿಡಿದು.

ಹೇಳಿದೆ. ಒಂದರ ಹಿಂದೆ ಒಂದು ಹೇಳುತ್ತಲೇ ಹೋದೆ. ಅವಳು ನಕ್ಕಳು, ಮೂಗೊರೆಸಿಕೊಂಡಳು, ಮತ್ತೆ ನಕ್ಕಳು. ಬಾಣಲೆಯಲ್ಲಿ ಹುಚ್ಚೆಳ್ಳು ಸೀದುಹೋಯಿತು.